ಏಡನ್ ಕೊಲ್ಲಿಯ ಕಾವಲು ಪಾಳಿ

(ಇತ್ತೀಚೆಗೆ ಒಂದು ಸಂಜೆ ಆಡಿದ ಮಾತುಗಳನ್ನು ಓದಲು ಅನುಕೂಲವಾಗುವ ಹಾಗೆ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ನೌಕಾಪಡೆಯಲ್ಲಿ ಇದ್ದವನಲ್ಲ. ಸರಕು ಹಡಗುಗಳಲ್ಲಿ ಕೆಲಸ ಮಾಡಿದವನು. ಯೆಮೆನ್ ಮತ್ತು ಸೋಮಾಲಿಯಾ ನಡುವಿನ ಏಡನ್ ಕೊಲ್ಲಿಯಲ್ಲಿ, ಕಡಲ್ಗಳ್ಳರಿಂದ ಹಡಗುಗಳನ್ನು ನಮ್ಮ ನೌಕಾಪಡೆ 2008ರಿಂದ ಕಾಯುತ್ತಾ ಬಂದಿರುವ ದಾರಿಯಲ್ಲಿ ಹಲವು ಸಲ ಹಾದು ಹೋಗಿದ್ದೇನೆ. ಆ ದಾರಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಮೊದಲು ಒಂದು ಮಧ್ಯಾಹ್ನದ ಕಥೆ ಹೇಳಿಬಿಡುತ್ತೇನೆ.

2011ರ ಫೆಬ್ರುವರಿ. ಏಡನ್ ಕೊಲ್ಲಿಯಲ್ಲಿ ಪಶ್ಚಿಮಕ್ಕೆ ಹೋಗುತ್ತಿದ್ದೆವು. ನಾನು ಸೆಕೆಂಡ್ ಆಫೀಸರ್, ಹನ್ನೆರಡರಿಂದ ನಾಲ್ಕರ ವಾಚ್, ಅಂದರೆ ಹಡಗು ನೋಡಿಕೊಳ್ಳುವ ಪಾಳಿ, ನನ್ನದು. ತುಂಬಿದ ಹಡಗು. ನೀರಿನಿಂದ ಡೆಕ್‌ಗೆ ಐದಾರು ಮೀಟರ್ ಎತ್ತರ ಅಷ್ಟೇ. ವೇಗ 13 ನಾಟ್, ಅಂದರೆ ಗಂಟೆಗೆ ಸುಮಾರು 24 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಓಡುವ ಶಕ್ತಿ ಆ ಎಂಜಿನ್‌ಗೆ ಇರಲಿಲ್ಲ. ಸುತ್ತ ಕಟಕಟೆಗೆಲ್ಲ ಮುಳ್ಳುತಂತಿ ಸುತ್ತಿದ್ದೆವು. ಬೆಂಕಿ ಆರಿಸುವ ನೀರಿನ ಪೈಪುಗಳನ್ನು ಹೊರಗಡೆ ಮುಖ ಮಾಡಿ ಕಟ್ಟಿದ್ದೆವು. ಹಿಂಭಾಗದಲ್ಲಿ ಬಾಯ್ಲರ್ ಸೂಟ್ ತೊಡಿಸಿದ ಎರಡು ಬೆದರುಬೊಂಬೆ ನಿಲ್ಲಿಸಿದ್ದೆವು, ದೂರದಿಂದ ನೋಡಿದವರಿಗೆ ಕಾವಲುಗಾರರು ಕಾಣಲಿ ಅಂತ.

ಬಲಗಡೆ, ಯೆಮೆನ್ ಕಡೆಯಿಂದ, ಏಳು ದೋಣಿ ಕಂಡವು. ಫೈಬರ್‌ನ ಸಣ್ಣ ದೋಣಿಗಳು, ಹಿಂದೆ ಔಟ್‌ಬೋರ್ಡ್ ಮೋಟಾರ್. ರೇಡಾರ್‌ನಲ್ಲಿ ಸರಿಯಾಗಿ ಮೂಡಲೂ ಇಲ್ಲ. ಅವು ನೇರ ನಮ್ಮ ಕಡೆಗೇ ಬರುತ್ತಿದ್ದವು. ದುರ್ಬೀನು ಹಿಡಿದ ನನ್ನ ಕೈ ನಿಲ್ಲುತ್ತಿರಲಿಲ್ಲ. ಕ್ಯಾಪ್ಟನ್‌ರನ್ನು ಕರೆದೆ, ಅಲಾರಂ ಒತ್ತಿದೆ, ರೇಡಿಯೊದ ಚಾನೆಲ್ 16ರಲ್ಲಿ, ನಮ್ಮ ಹಡಗುಗಳ ಗುಂಪಿಗೆ ಬೆಂಗಾವಲಾಗಿದ್ದ ಭಾರತದ ಯುದ್ಧನೌಕೆಗೆ ತಿಳಿಸಿದೆ. ಆ ಕಡೆಯ ದನಿ ಎಷ್ಟು ಶಾಂತವಾಗಿತ್ತು ಅಂದರೆ, ಇವತ್ತಿಗೂ ಕಿವಿಯಲ್ಲಿದೆ. ಎಷ್ಟು ದೋಣಿ, ಯಾವ ದಿಕ್ಕು, ಎಷ್ಟು ದೂರ ಅಂತ ಕೇಳಿದರು. ಕೊನೆಗೆ ಒಂದು ಪ್ರಶ್ನೆ: "ಏಣಿ ಕಾಣ್ತಾ ಇದೆಯಾ?"

ಮೀನು ಹಿಡಿಯುವವನ ದೋಣಿಯಲ್ಲಿ ಬಲೆ ಇರುತ್ತದೆ, ಐಸ್ ಪೆಟ್ಟಿಗೆ ಇರುತ್ತದೆ. ಕಡಲ್ಗಳ್ಳನ ದೋಣಿಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಉದ್ದ ಏಣಿ ಇರುತ್ತದೆ, ಡ್ರಮ್ಮುಗಟ್ಟಲೆ ಪೆಟ್ರೋಲ್ ಇರುತ್ತದೆ. ಮೀನು ಹಿಡಿಯಲು ಯಾರಿಗೂ ಏಣಿ ಬೇಡ ಅಲ್ವಾ? ನನಗೆ ಏಣಿ ಕಾಣಲಿಲ್ಲ. ಆದರೆ ಕಾಣಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ. ಅಷ್ಟರಲ್ಲಿ ಯುದ್ಧನೌಕೆಯಿಂದ ಚೇತಕ್ ಹೆಲಿಕಾಪ್ಟರ್ ಎದ್ದು ಬಂತು. ದೋಣಿಗಳ ಮೇಲೆ ತೀರಾ ಕೆಳಗೆ ಎರಡು ಸುತ್ತು ಹಾಕಿತು. ದೋಣಿಯಲ್ಲಿದ್ದವರು ಎದ್ದು ನಿಂತು ಬಲೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದರು. ಬರೀ ಮೀನುಗಾರರು. ನಮ್ಮ ಮುಂದೆ ಹರಡಿದ್ದ ಬಲೆ ತುಂಡಾಗದಿರಲಿ ಅಂತ ಓಡಿ ಬರುತ್ತಿದ್ದರು, ಪಾಪ. ಕ್ಯಾಪ್ಟನ್ ಹಡಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು. ಅವರು ಕೈಬೀಸಿದರು. ಮುಗಿಯಿತು.

ಇದನ್ನೇ ಯಾಕೆ ಮೊದಲು ಹೇಳಿದೆ ಅಂದರೆ, ಕಾವಲಿನ ಕೆಲಸದ ಬಹುಪಾಲು ಹೀಗೇ ಇರುತ್ತದೆ. ಗುಂಡು ಹಾರುವ ದಿನಗಳು ಸುದ್ದಿಯಾಗುತ್ತವೆ. ಬಲೆಯೋ ಏಣಿಯೋ ಅಂತ ನೋಡಿ ವಾಪಸ್ ಹೋದ ದಿನಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ದಿನ ಯುದ್ಧನೌಕೆಯವರು ಅಲ್ಲಿ ಇಲ್ಲದಿದ್ದರೆ ನಾವು ಏನು ಮಾಡುತ್ತಿದ್ದೆವು? ಹೆದರಿದವರ ಕೈಯಲ್ಲಿ ಬಂದೂಕು ಇದ್ದರೆ ಏನಾಗುತ್ತಿತ್ತು? ಮರುವರ್ಷ, 2012ರ ಫೆಬ್ರುವರಿ 15ರಂದು, ಕೇರಳದ ತೀರದ ಆಚೆ ಅದೇ ಆಯಿತು. ಇಟಲಿಯ ತೈಲ ಹಡಗು ಎನ್ರಿಕಾ ಲೆಕ್ಸಿಯಲ್ಲಿದ್ದ ಸೈನಿಕರು ಹಾರಿಸಿದ ಗುಂಡಿಗೆ ನಮ್ಮ ಇಬ್ಬರು ಮೀನುಗಾರರು ಸತ್ತರು. ಕಡಲ್ಗಳ್ಳರು ಅಂದುಕೊಂಡೆವು ಅಂದರು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಣ್ಣ ದೋಣಿಯ ವೇಗ 25 ನಾಟ್ ಅಂತ ಇಟ್ಟುಕೊಳ್ಳಿ. ನಮ್ಮದು 13. ನಾಲ್ಕು ನಾಟಿಕಲ್ ಮೈಲಿ ಹಿಂದೆ ಅದು ನಮ್ಮ ಕಣ್ಣಿಗೆ ಬಿತ್ತು ಅಂದರೆ, ಹಡಗಿನ ಬದಿಗೆ ಬಂದು ಏಣಿ ಹಾಕಲು ಅದಕ್ಕೆ ಬೇಕಾದದ್ದು 20 ನಿಮಿಷ. ಪೂರ್ತಿ ವೇಗದಲ್ಲಿ, 30 ನಾಟ್‌ನಲ್ಲಿ ಬರುವ ಯುದ್ಧನೌಕೆ ಅಷ್ಟು ಹೊತ್ತಿನಲ್ಲಿ ದಾಟುವುದು ಹತ್ತೇ ಮೈಲಿ. ಹೆಲಿಕಾಪ್ಟರ್ 30 ಮೈಲಿ ಬರಬಹುದು. ಅದಕ್ಕಿಂತ ದೂರದಲ್ಲಿ ಇರುವ ಹಡಗು, ಎಷ್ಟೇ ದೊಡ್ಡ ಫಿರಂಗಿ ಹೊತ್ತಿದ್ದರೂ, ಆ 20 ನಿಮಿಷಕ್ಕೆ ಉಪಯೋಗಕ್ಕೆ ಬಾರದು. ಕಳ್ಳರು ಒಮ್ಮೆ ಹತ್ತಿ ಸಿಬ್ಬಂದಿಯ ತಲೆಗೆ ಬಂದೂಕು ಹಿಡಿದರೆ, ಆಮೇಲೆ ಬಂದ ಯುದ್ಧನೌಕೆ ಗುಂಡು ಹಾರಿಸುವುದೂ ಕಷ್ಟ. ಊರಿನಲ್ಲಿ ಕಳ್ಳತನ ಆದ ಮೇಲೆ ಪೊಲೀಸರು ಬಂದು ಹುಡುಕಬಹುದು. ಸಮುದ್ರದಲ್ಲಿ ಮೊದಲೇ ಅಲ್ಲಿರಬೇಕು. ಮನೆಯಲ್ಲಿ ಕೂತು, ಕರೆ ಬಂದಾಗ ಹೊರಡುತ್ತೇವೆ ಅಂದರೆ ಆಗುವುದಿಲ್ಲ.

ಇದು ನಮಗೆ ಅರ್ಥವಾದದ್ದು 2008ರಲ್ಲಿ, ನೋವು ತಿಂದು. ಸೆಪ್ಟೆಂಬರ್ 15ರಂದು ಕಡಲ್ಗಳ್ಳರು ಸ್ಟೋಲ್ಟ್ ವೇಲರ್ ಅನ್ನುವ ರಾಸಾಯನಿಕ ಸಾಗಿಸುವ ಹಡಗನ್ನು ಹಿಡಿದರು. ಅದರಲ್ಲಿದ್ದ 22 ಜನರಲ್ಲಿ 18 ಮಂದಿ ಭಾರತೀಯರು. ಎರಡು ತಿಂಗಳು ಅವರ ಮನೆಯವರು ಟಿವಿ ಮುಂದೆ, ಸರ್ಕಾರಿ ಕಚೇರಿಗಳ ಮುಂದೆ ಕಾದರು. ಹಡಗಿನ ಧ್ವಜ ನಮ್ಮದಲ್ಲ, ಮಾಲೀಕರೂ ನಮ್ಮವರಲ್ಲ. ಆದರೆ ಒಳಗಿದ್ದ ಜನ ನಮ್ಮವರು. ಆ ಗದ್ದಲದ ನಡುವೆಯೇ ಅಕ್ಟೋಬರ್ 23ರಂದು ನಮ್ಮ ನೌಕಾಪಡೆಯ ಐಎನ್ಎಸ್ ತಬರ್ ಏಡನ್ ಕೊಲ್ಲಿಯಲ್ಲಿ ಕಾವಲು ಶುರು ಮಾಡಿತು. ನವೆಂಬರ್ 11ರಂದು ನಮ್ಮ ಜಗ್ ಅರ್ನವ್ ಹಡಗಿನ ಕೂಗಿಗೆ ತಬರ್‌ನ ಹೆಲಿಕಾಪ್ಟರ್ ಹೋಗಿ ಕಳ್ಳರನ್ನು ಓಡಿಸಿತು. ಅವತ್ತಿನಿಂದ ಇವತ್ತಿನವರೆಗೆ ಒಂದಾದ ಮೇಲೆ ಒಂದು ಹಡಗು ಆ ಪಾಳಿ ಮಾಡುತ್ತಲೇ ಇದೆ.

ಒಂದು ಕಹಿ ವಿಷಯವನ್ನೂ ಹೇಳಬೇಕು. ನವೆಂಬರ್ 18ರ ರಾತ್ರಿ ತಬರ್ ಒಂದು ದೋಣಿಯನ್ನು ಮುಳುಗಿಸಿತು. ಕಡಲ್ಗಳ್ಳರ ತಾಯಿ ಹಡಗು, ಅಂದರೆ ಅವರ ಸಣ್ಣ ದೋಣಿಗಳನ್ನು ದೂರದ ಕಡಲಿಗೆ ಒಯ್ಯುವ ಹಡಗು, ಅಂತ ಸುದ್ದಿಯಾಯಿತು. ಆಮೇಲೆ ತಿಳಿದದ್ದು, ಅದು ಕಳ್ಳರು ಹಿಡಿದಿದ್ದ ಥಾಯ್ಲೆಂಡಿನ ಮೀನುಗಾರಿಕೆ ದೋಣಿ. ಒತ್ತೆಯಾಳಾಗಿದ್ದ ಮೀನುಗಾರರೂ ಅದರಲ್ಲಿದ್ದರು. ಅವರಲ್ಲಿ ಬಹುತೇಕರು ಉಳಿಯಲಿಲ್ಲ. ನೌಕಾಪಡೆಯವರು ತಮ್ಮ ಮೇಲೆ ಗುಂಡು ಹಾರಿದ್ದಕ್ಕೆ ತಿರುಗಿ ಹಾರಿಸಿದ್ದು ಅಂದರು. ಎದುರಿಗೆ ಬಂದೂಕು ಹಿಡಿದವನ ಹಿಂದೆ ಕೈಕಟ್ಟಿ ಕೂರಿಸಿದ ಅಮಾಯಕ ಇರಬಹುದು ಅನ್ನುವುದು ಈ ಕೆಲಸದ ಅತಿ ಕಷ್ಟದ ಭಾಗ. ಅದನ್ನು ಮರೆತು ಕಾವಲನ್ನು ಹೊಗಳಲು ನನಗೆ ಮನಸ್ಸಿಲ್ಲ.

ಆ ಹೊತ್ತಿಗೆ ಬೇರೆ ದೇಶಗಳೂ ಬಂದವು. ಯುರೋಪಿನ ಒಕ್ಕೂಟ, ನ್ಯಾಟೊ, ಚೀನಾ, ಜಪಾನ್. 2009ರ ಆರಂಭದಲ್ಲಿ ಕೊಲ್ಲಿಯ ನಡುವೆ ಒಂದು ದಾರಿ ಗುರುತು ಮಾಡಿದರು. ಸುಮಾರು 490 ನಾಟಿಕಲ್ ಮೈಲಿ ಉದ್ದ. ಪೂರ್ವಕ್ಕೆ ಹೋಗುವವರಿಗೆ ಒಂದು ಪಟ್ಟಿ, ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು, ನಡುವೆ ಖಾಲಿ ಜಾಗ. ನಮ್ಮ 13 ನಾಟ್‌ನಲ್ಲಿ ದಾಟಲು ಒಂದೂವರೆ ದಿನಕ್ಕಿಂತ ಜಾಸ್ತಿ ಬೇಕು. ಭಾರತ, ಚೀನಾ, ಜಪಾನ್ ಮೂರೂ ತಮ್ಮ ಬೆಂಗಾವಲು ಸಮಯವನ್ನು ಒಂದಕ್ಕೊಂದು ಹೊಂದಿಸಿಕೊಂಡವು. ಒಬ್ಬರ ಗುಂಪು ತಪ್ಪಿದರೆ ಇನ್ನೊಬ್ಬರದು ಸಿಗಲಿ ಅಂತ. ದಡದಲ್ಲಿ ಈ ಮೂರು ದೇಶಗಳ ನಡುವೆ ಎಷ್ಟು ಮನಸ್ತಾಪ ಇದೆ ಅಂತ ನಿಮಗೆ ಗೊತ್ತು. ಅಲ್ಲಿ ಮಾತ್ರ ವೇಳಾಪಟ್ಟಿ ಹಂಚಿಕೊಂಡು ಕೆಲಸ ಮಾಡಿದರು. ಭಾರತದ ಗುಂಪಿಗೆ ಸೇರಲು ಭಾರತದ ಹಡಗೇ ಆಗಬೇಕು ಅಂತ ಇರಲಿಲ್ಲ. ನೌಕಾಪಡೆಯ ಲೆಕ್ಕದಲ್ಲಿ ಹೀಗೆ ದಾಟಿಸಿದ ಹಡಗುಗಳು 3,400ಕ್ಕೂ ಜಾಸ್ತಿ, ಅದರಲ್ಲಿ ಭಾರತದ ಧ್ವಜದವು ನಾನೂರರಷ್ಟು ಮಾತ್ರ.

ಜಪಾನ್ ಮಾಡಿದ ಇನ್ನೊಂದು ಕೆಲಸ ನನಗೆ ಮುಖ್ಯ ಅನ್ನಿಸುತ್ತದೆ. 2009ರ ಜೂನ್‌ನಿಂದಲೇ ಅವರು ಕೊಲ್ಲಿಯ ಪಶ್ಚಿಮ ತುದಿಯ ದೇಶವಾದ ಜಿಬೂಟಿಯಿಂದ, ಕಡಲ ಮೇಲೆ ಕಣ್ಣಿಡುವ ಪಿ-3ಸಿ ವಿಮಾನ ಹಾರಿಸಲು ಶುರು ಮಾಡಿದರು. 2011ರಲ್ಲಿ ಅಲ್ಲೇ ವಿಮಾನ ನಿಲ್ದಾಣದ ಪಕ್ಕ ಸ್ವಂತ ನೆಲೆ ಕಟ್ಟಿಕೊಂಡರು. ಎರಡನೇ ಮಹಾಯುದ್ಧದ ನಂತರ ಹೊರದೇಶದಲ್ಲಿ ಜಪಾನಿನ ಮೊದಲ ಕಾಯಂ ನೆಲೆ ಅದು. ಯಾಕೆ ವಿಮಾನ? ಹಡಗಿನ ಮೇಲಿಂದ ಕಾಣುವುದು ಹತ್ತು ಹನ್ನೆರಡು ಮೈಲಿ ಮಾತ್ರ. ಭೂಮಿ ಬಾಗಿರುವುದರಿಂದ ಅದರಾಚೆ ಮರೆ. ವಿಮಾನಕ್ಕೆ ಆ ಮರೆ ಬಹಳ ದೂರ ಸರಿಯುತ್ತದೆ. ಬೆಳಿಗ್ಗೆ ಒಂದು ಹಾರಾಟದಲ್ಲಿ ಕೊಲ್ಲಿಯ ಉದ್ದಕ್ಕೂ ನೋಡಿ, ಯಾವ ದೋಣಿಯಲ್ಲಿ ಏಣಿ ಇದೆ ಅಂತ ಕೆಳಗಿನ ಎಲ್ಲ ದೇಶಗಳ ಹಡಗುಗಳಿಗೂ ಹೇಳಬಹುದು.

ನಮ್ಮಲ್ಲಿ ಆ ಕೆಲಸಕ್ಕೆ ದೊಡ್ಡ ಬಲ ಬಂದದ್ದು 2013ರಲ್ಲಿ, ಮೊದಲ ಪಿ-8ಐ ವಿಮಾನ ತಮಿಳುನಾಡಿನ ಅರಕ್ಕೋಣಂನ ಐಎನ್ಎಸ್ ರಾಜಾಳಿಗೆ ಬಂದಿಳಿದಾಗ. ಈಗ ಅಂಥ 12 ಇವೆ. 2022ರಿಂದ ಗೋವಾದಲ್ಲಿ ಎರಡನೇ ಸ್ಕ್ವಾಡ್ರನ್ ಇದೆ. ಈ ವಿಮಾನ 1,200 ನಾಟಿಕಲ್ ಮೈಲಿ ದೂರ ಹೋಗಿ, ಅಲ್ಲಿ ನಾಲ್ಕು ಗಂಟೆ ಸುತ್ತಾಡಿ, ವಾಪಸ್ ಬರಬಲ್ಲದು. ಗೋವಾದಿಂದ, ಏಡನ್ ಕೊಲ್ಲಿಯ ಬಾಯಿಯ ಹತ್ತಿರ ಇರುವ ಸೊಕೊಟ್ರಾ ದ್ವೀಪಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ ಬೆಳಿಗ್ಗೆ ಗೋವಾದಲ್ಲಿ ತಿಂಡಿ ತಿಂದು ಹೊರಟವರು ಆಫ್ರಿಕಾದ ಬಾಗಿಲು ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹಡಗಿಗೆ ಅದೇ ದೂರಕ್ಕೆ ಮೂರು ನಾಲ್ಕು ದಿನ.

ಕಾವಲು ದೂರದಲ್ಲಿ ಬಿಗಿಯಾದಾಗ ಏನಾಯಿತು ಗೊತ್ತಾ? ಕಳ್ಳರು ನಮ್ಮ ಹತ್ತಿರಕ್ಕೆ ಬಂದರು. ಹಿಡಿದ ಮೀನುಗಾರಿಕೆ ಹಡಗುಗಳನ್ನೇ ತಾಯಿ ಹಡಗು ಮಾಡಿಕೊಂಡು, ಸಣ್ಣ ದೋಣಿಗಳನ್ನು ಹಿಂದೆ ಕಟ್ಟಿಕೊಂಡು, ಲಕ್ಷದ್ವೀಪದವರೆಗೂ ಬಂದರು. 2011ರ ಜನವರಿಯಿಂದ ಮಾರ್ಚ್‌ವರೆಗೆ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಸೇರಿ ಅಂಥ ನಾಲ್ಕು ಹಡಗು ಹಿಡಿದವು: ಪ್ರಾಂತಲಯ್ 14, ಪ್ರಾಂತಲಯ್ 11, ವೇಗಾ 5, ಮೊರ್ತೆಜಾ. ಒಟ್ಟು 120 ಕಳ್ಳರು ಸಿಕ್ಕಿದರು. ವೇಗಾ 5ಕ್ಕೆ ಬೆಂಕಿ ಬಿದ್ದಾಗ ಅದರಲ್ಲಿದ್ದವರು ನೀರಿಗೆ ಹಾರಿದರು. ಐಎನ್ಎಸ್ ಕಲ್ಪೇನಿ ಅನ್ನುವ ಸಣ್ಣ ನೌಕೆಯವರು 13 ಒತ್ತೆಯಾಳುಗಳನ್ನೂ 61 ಕಳ್ಳರನ್ನೂ ನೀರಿನಿಂದ ಎತ್ತಿದರು. ಕಳ್ಳರನ್ನೂ ಬಿಡದೆ ಎತ್ತಿದ ಆ ರಾತ್ರಿಯ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇನ್ನೊಂದು ತೊಂದರೆ ಕಾಗದದ ಮೇಲಿನದು. ಹಡಗು ಉದ್ಯಮದವರು ಅಪಾಯದ ವಲಯದ ಗೆರೆಯನ್ನು 2010ರಲ್ಲಿ ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ಎಳೆದುಬಿಟ್ಟರು. ಭೂಪಟ ತೆಗೆದು ನೋಡಿ, ನಮ್ಮ ಇಡೀ ಪಶ್ಚಿಮ ಕರಾವಳಿ ಅದರೊಳಗೆ ಬಂತು. ವಿಮೆಯ ಖರ್ಚು ಏರಿತು. ಹಡಗುಗಳು ಕಳ್ಳರಿಗೆ ಹೆದರಿ ನಮ್ಮ ದಡಕ್ಕೆ ಅಂಟಿಕೊಂಡು ಓಡತೊಡಗಿದವು, ನಮ್ಮ ಮೀನುಗಾರರ ಬಲೆಗಳ ಮೇಲೆಯೇ. ಆಗಲೇ ಹೇಳಿದ ಎನ್ರಿಕಾ ಲೆಕ್ಸಿ ದುರಂತ ಆದದ್ದು ಇಂಥ ಹೊತ್ತಿನಲ್ಲಿ. ಭಾರತ ವರ್ಷಗಟ್ಟಲೆ ವಾದ ಮಾಡಿದ ಮೇಲೆ 2015ರ ಡಿಸೆಂಬರ್‌ನಲ್ಲಿ ಆ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು.

ಕಳ್ಳತನ ಇಳಿಯಿತು, ನಿಜ. 2011ರಲ್ಲಿ ಸೋಮಾಲಿ ಕಡಲ್ಗಳ್ಳರ ದಾಳಿಗಳು 237. 2013ರಲ್ಲಿ 15. ಕಾವಲು ನೌಕೆಗಳು, ಹಡಗುಗಳ ಮೇಲಿನ ಖಾಸಗಿ ಬಂದೂಕುಧಾರಿಗಳು, ಮುಳ್ಳುತಂತಿ, ಸುರಕ್ಷಿತ ಕೋಣೆ ಎಲ್ಲವೂ ಸೇರಿ ಮಾಡಿದ ಕೆಲಸ. ಆಗ ಎಲ್ಲ ಕಡೆ ಒಂದೇ ಮಾತು: ಇನ್ನು ಯಾಕೆ ಅಲ್ಲಿ ಇಷ್ಟು ಖರ್ಚು? ನ್ಯಾಟೊ 2016ರ ಡಿಸೆಂಬರ್‌ನಲ್ಲಿ ತನ್ನ ಕಾರ್ಯಾಚರಣೆ ಮುಗಿಸಿತು. 2017ರ ಮಾರ್ಚ್‌ನಲ್ಲಿ ಏರಿಸ್ 13 ಅನ್ನುವ ತೈಲ ಹಡಗನ್ನು ಹಿಡಿದರು. ಏಪ್ರಿಲ್‌ನಲ್ಲಿ ಗುಜರಾತಿನ ಮಾಂಡವಿಯ ಅಲ್ ಕೌಸರ್ ಅನ್ನುವ ಮರದ ಹಡಗು, ಅದರಲ್ಲಿ 11 ನಾವಿಕರು. ನ್ಯಾಟೊ ಹೋದದ್ದೊಂದೇ ಕಾರಣ ಅಂತ ಹೇಳಲಾಗದು. ಆದರೆ ದಡದಲ್ಲಿ ಕೂತವರು ಯಾರು ಹೋದರು, ಯಾರು ಉಳಿದರು ಅಂತ ನೋಡುತ್ತಲೇ ಇರುತ್ತಾರೆ. ನಮ್ಮ ನೌಕಾಪಡೆ ಆ ಖಾಲಿ ವರ್ಷಗಳಲ್ಲೂ ಪಾಳಿ ಬಿಡಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಸರಿಯಾದ ತೀರ್ಮಾನ ಅದೇ.

ಅದರ ಬೆಲೆ ತಿಳಿದದ್ದು 2023ರ ಕೊನೆಗೆ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಬಂಡುಕೋರರಾದ ಹೂತಿಗಳ ಕ್ಷಿಪಣಿ, ಡ್ರೋನ್ ಶುರುವಾದವು. ಎಲ್ಲರ ಕಣ್ಣು ಅಲ್ಲಿಗೆ ತಿರುಗಿದಾಗ ಸೋಮಾಲಿ ಕಡೆ ಕಳ್ಳರು ಮತ್ತೆ ಎದ್ದರು. ಡಿಸೆಂಬರ್ 14ರಂದು ರುಯೆನ್ ಹಡಗನ್ನು ಹಿಡಿದರು. 2024ರ ಜನವರಿ 4ರ ಸಂಜೆ ಲೀಲಾ ನಾರ್ಫೋಕ್ ಅನ್ನುವ ಸರಕು ಹಡಗಿನಿಂದ ಸಂದೇಶ ಬಂತು, ಬಂದೂಕು ಹಿಡಿದ ಐದಾರು ಜನ ಹತ್ತಿದ್ದಾರೆ ಅಂತ. ಅದರಲ್ಲಿ 21 ಜನ, 15 ಮಂದಿ ಭಾರತೀಯರು.

ಸಿಬ್ಬಂದಿ ಮಾಡಿದ್ದು ನಮಗೆಲ್ಲ ಕಲಿಸಿದ ಕೆಲಸ. ಎಂಜಿನ್ ನಿಲ್ಲಿಸಿ, ಒಳಗಿನ ಕಬ್ಬಿಣದ ಕೋಣೆಗೆ ಹೋಗಿ, ಬಾಗಿಲು ಭದ್ರ ಮಾಡಿಕೊಳ್ಳುವುದು. ಆ ಕೋಣೆಗೆ ಸಿಟಡೆಲ್ ಅನ್ನುತ್ತಾರೆ. ನಾನು ತಾಲೀಮಿನಲ್ಲಿ ಮಾತ್ರ ಕೂತಿದ್ದೇನೆ. ಬಿಸಿ, ಎಣ್ಣೆ ವಾಸನೆ, ಕುಡಿಯುವ ನೀರಿನ ಕ್ಯಾನ್, ಬಿಸ್ಕತ್ತು, ಒಂದು ಬಕೆಟ್ಟು, ಒಂದು ಉಪಗ್ರಹ ಫೋನು. ತಾಲೀಮಿನಲ್ಲೇ ಅರ್ಧ ಗಂಟೆಗೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಅವರು ಅಲ್ಲಿ ಒಂದು ರಾತ್ರಿ ಪೂರ್ತಿ ಇದ್ದರು. ಹೊರಗೆ ಹೆಜ್ಜೆ ಸದ್ದಾದರೆ ಕಳ್ಳರೋ ಕಾಯುವವರೋ ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ನೌಕಾಪಡೆಯ ವಿಮಾನ ಮೇಲೆ ಬಂತು. ಡ್ರೋನ್ ಬಂತು. ಮಧ್ಯಾಹ್ನ ಐಎನ್ಎಸ್ ಚೆನ್ನೈ ತಲುಪಿ, ಹಡಗು ಬಿಟ್ಟು ಹೋಗಿ ಅಂತ ಎಚ್ಚರಿಸಿತು. ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಹತ್ತಿ ಹುಡುಕಿದಾಗ ಒಬ್ಬ ಕಳ್ಳನೂ ಇರಲಿಲ್ಲ. ಸಿಟಡೆಲ್ ಬಾಗಿಲು ತೆಗೆದು ಹೊರಬಂದವರು ಕೂಗಿದ ಜೈಕಾರವನ್ನು ನೀವೂ ವಿಡಿಯೊದಲ್ಲಿ ನೋಡಿರಬಹುದು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ಜೈಕಾರಕ್ಕಿಂತ ನನ್ನ ಕಣ್ಣು ಹೋಗುವುದು ಆ ಮುಖಗಳ ಕಡೆ. ರಾತ್ರಿಯಿಡೀ ನಿದ್ದೆ ಇಲ್ಲದ ಮುಖಗಳು.

ರುಯೆನ್ ಕಥೆ ಇನ್ನೂ ದೊಡ್ಡದು. ಮೂರು ತಿಂಗಳು ಅದನ್ನು ಇಟ್ಟುಕೊಂಡಿದ್ದ ಕಳ್ಳರು, ಅದನ್ನೇ ತಾಯಿ ಹಡಗು ಮಾಡಿಕೊಂಡು 2024ರ ಮಾರ್ಚ್‌ನಲ್ಲಿ ಹೊರಗೆ ಬಂದರು. ಐಎನ್ಎಸ್ ಕೋಲ್ಕತ್ತಾ ಅಡ್ಡ ಹಾಕಿತು. ಕಳ್ಳರು ನೌಕೆಯ ಡ್ರೋನ್ ಹೊಡೆದುರುಳಿಸಿದರು, ನೌಕೆಯ ಮೇಲೂ ಗುಂಡು ಹಾರಿಸಿದರು. ಒಳಗೆ 17 ಒತ್ತೆಯಾಳುಗಳು. 2008ರ ಆ ರಾತ್ರಿಯ ಹಾಗೆ ಆಗಬಾರದು. ಕೋಲ್ಕತ್ತಾದವರು ರುಯೆನ್‌ನ ಚುಕ್ಕಾಣಿಯನ್ನೂ ದಾರಿ ತೋರಿಸುವ ಸಲಕರಣೆಗಳನ್ನೂ ಮಾತ್ರ ಕೆಡಿಸಿ ಅದನ್ನು ನಿಲ್ಲಿಸಿದರು. ಆಮೇಲೆ ಕಾದರು. ವಾಯುಪಡೆಯ ಸಿ-17 ವಿಮಾನ ಭಾರತದಿಂದ ಹಾರಿ, ಮಾರ್ಕೋಸ್ ಕಮಾಂಡೊಗಳನ್ನು ದೋಣಿಗಳ ಸಮೇತ ಸಮುದ್ರಕ್ಕೆ ಇಳಿಸಿತು. ನಮ್ಮ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ. 40 ಗಂಟೆಗಳ ಕೊನೆಗೆ 35 ಕಳ್ಳರೂ ಶರಣಾದರು. 17 ಜನಕ್ಕೂ ಒಂದು ಗಾಯ ಆಗಲಿಲ್ಲ.

ಹಿಡಿದವರನ್ನು ಏನು ಮಾಡುವುದು ಅನ್ನುವುದು ಮೊದಲು ದೊಡ್ಡ ತಲೆನೋವಾಗಿತ್ತು. ಎಷ್ಟೋ ದೇಶಗಳು ಬಂದೂಕು ಕಿತ್ತು ನೀರಿಗೆ ಎಸೆದು, ಆಳುಗಳನ್ನು ದಡಕ್ಕೆ ಬಿಟ್ಟು ಬರುತ್ತಿದ್ದವು. ನಮಗೂ ಕಡಲ್ಗಳ್ಳತನಕ್ಕೇ ಅಂತ ಬೇರೆ ಕಾನೂನು ಇರಲಿಲ್ಲ. 2022ರಲ್ಲಿ ಅದು ಬಂತು. ರುಯೆನ್‌ನ 35 ಜನರನ್ನು ಆ ಕಾನೂನಿನ ಪ್ರಕಾರ ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದರು.

2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗಿನ ಆ ನೂರು ದಿನಗಳ ಲೆಕ್ಕವನ್ನು ನೌಕಾಪಡೆ ಕೊಟ್ಟಿದೆ. 21 ನೌಕೆಗಳು, 5,000ಕ್ಕೂ ಜಾಸ್ತಿ ಸಿಬ್ಬಂದಿ, ವಿಮಾನಗಳ 900 ಗಂಟೆ ಹಾರಾಟ. 900 ಗಂಟೆ ಅಂದರೆ ಏನು ಅಂತ ಯೋಚಿಸಿ. ಕಿಟಕಿಯ ಪಕ್ಕ ಕೂತು, ಪರದೆ ನೋಡುತ್ತಾ, ಬಲೆಯೋ ಏಣಿಯೋ ಅಂತ ಕೇಳಿಕೊಳ್ಳುತ್ತಾ ಕಳೆದ ಗಂಟೆಗಳು ಅವು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಬೇರೆ ದೇಶದ ಧ್ವಜ, ಬೇರೆ ದೇಶದ ಸರಕು. ನಮ್ಮ ದುಡ್ಡಲ್ಲಿ ನಾವು ಯಾಕೆ ಕಾಯಬೇಕು ಸಾರ್?"

ಧ್ವಜ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಲೀಲಾ ನಾರ್ಫೋಕ್‌ನ ಧ್ವಜ ಲೈಬೀರಿಯಾದ್ದು, 15 ಮನೆಗಳು ನಮ್ಮವು. 2024ರ ಜನವರಿಯಲ್ಲಿ ಕ್ಷಿಪಣಿ ಬಿದ್ದು ಹೊತ್ತಿದ ಮಾರ್ಲಿನ್ ಲುವಾಂಡಾದಲ್ಲಿ 22 ಭಾರತೀಯರು, ಒಬ್ಬರು ಬಾಂಗ್ಲಾದೇಶದವರು. ಐಎನ್ಎಸ್ ವಿಶಾಖಪಟ್ಟಣದ ಹತ್ತು ಜನ ಆ ಉರಿಯುವ ಹಡಗು ಹತ್ತಿ ಬೆಂಕಿ ಆರಿಸಿದರು. ಒಳಗಿದ್ದದ್ದು ನಾಫ್ತಾ, ಪೆಟ್ರೋಲಿನಂಥದ್ದು. ಲೆಕ್ಕ ಬೇಕು ಅಂದರೆ, ತೂಕದಲ್ಲಿ ನಮ್ಮ ದೇಶದ ಹೊರವ್ಯಾಪಾರದ ನೂರಕ್ಕೆ 95 ಪಾಲು ಬರುವುದು ಹೋಗುವುದು ಸಮುದ್ರದ ಮೇಲೇ. ಇಷ್ಟೆಲ್ಲ ಹೇಳಿದ ಮೇಲೂ ಲೆಕ್ಕಕ್ಕೆ ಸಿಗದ್ದು ಒಂದಿದೆ. ಅದೇ ತಿಂಗಳು ಐಎನ್ಎಸ್ ಸುಮಿತ್ರಾ ಎರಡು ದಿನದಲ್ಲಿ ಎರಡು ಇರಾನಿ ಮೀನುಗಾರಿಕೆ ಹಡಗು ಬಿಡಿಸಿತು. ಎರಡನೆಯದರಲ್ಲಿ ಇದ್ದವರು 19 ಪಾಕಿಸ್ತಾನಿ ಮೀನುಗಾರರು. ಸಮುದ್ರದಲ್ಲಿ ಕೂಗು ಕೇಳಿದರೆ ಯಾರ ಕೂಗು ಅಂತ ಕೇಳಿ ಹೋಗುವ ಪದ್ಧತಿ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಎಷ್ಟು ವರ್ಷ ಹೀಗೇ ಇರಬೇಕು?"

ಒಳ್ಳೆಯ ಪ್ರಶ್ನೆ ಮಗಳೇ. ಈ ರೋಗ ಹುಟ್ಟುವುದು ದಡದಲ್ಲಿ. ಸೋಮಾಲಿಯಾದಲ್ಲಿ 1991ರಲ್ಲಿ ಸರ್ಕಾರ ಬಿದ್ದುಹೋಯಿತು. ಕಾಯುವವರಿಲ್ಲದ ಆ ನೀರಿಗೆ ಹೊರದೇಶದ ದೊಡ್ಡ ಟ್ರಾಲರ್‌ಗಳು ನುಗ್ಗಿ ಮೀನು ಬಾಚಿದವು. ಅಲ್ಲಿನ ಮೀನುಗಾರರಿಗೆ ಅನ್ಯಾಯ ಆಗಿದೆ. ಆ ಸಿಟ್ಟನ್ನು ಬಳಸಿಕೊಂಡು ದುಡ್ಡಿರುವವರು ಒತ್ತೆಹಣದ ದಂಧೆ ಕಟ್ಟಿದರು. ಅಲ್ಲಿ ಆಡಳಿತ, ದುಡಿಮೆ, ಕರಾವಳಿ ಕಾಯುವ ಸ್ವಂತ ಪಡೆ ನಿಲ್ಲುವವರೆಗೆ ಹೊರಗಿನ ಹಡಗುಗಳು ಇರಲೇಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಗಾಳಿಗೆ ಸಣ್ಣ ದೋಣಿ ನಿಲ್ಲುವುದಿಲ್ಲ, ಆಗ ಕಳ್ಳರೂ ಮನೆಯಲ್ಲಿ. ಅಕ್ಟೋಬರ್ ಬಂತು ಅಂದರೆ ಕಡಲು ಶಾಂತವಾಗುತ್ತದೆ. ಆಗ ದಡದಿಂದ ನೋಡುವವರಿಗೆ ಅಲ್ಲೊಂದು ಬೂದು ಬಣ್ಣದ ಹಡಗು ಕಾಣಬೇಕು.

ಆ ಫೆಬ್ರುವರಿಯಲ್ಲಿ ನಮ್ಮ ಗುಂಪು ಕೊಲ್ಲಿಯ ಪಶ್ಚಿಮದ ತುದಿ ಮುಟ್ಟಿದ್ದು ನನ್ನ ರಾತ್ರಿಯ ವಾಚ್‌ನಲ್ಲಿ. ಯುದ್ಧನೌಕೆಯವರು ಒಂದೊಂದೇ ಹಡಗಿನ ಹೆಸರು ಕರೆದು ಶುಭಪ್ರಯಾಣ ಹೇಳಿದರು. ನಾನು ಧನ್ಯವಾದ ಹೇಳಿ ಲಾಗ್ ಪುಸ್ತಕದಲ್ಲಿ ಹೊತ್ತು ಬರೆದೆ. ನಾವು ಕೆಂಪು ಸಮುದ್ರದ ಕಡೆ ಹೋದೆವು. ಅವರ ದೀಪ ಹಿಂದಕ್ಕೆ ತಿರುಗಿತು. ಪೂರ್ವಕ್ಕೆ ಹೋಗುವ ಮುಂದಿನ ಗುಂಪಿನ ಹೆಸರುಗಳನ್ನು ಅದೇ ದನಿ ಕರೆಯುತ್ತಿದ್ದದ್ದು, ದೂರವಾಗುವವರೆಗೂ ರೇಡಿಯೊದಲ್ಲಿ ಕೇಳುತ್ತಿತ್ತು.